ಹೊಸ ಮನೆಯ ವಯರಿಂಗ್‌ಗೆ ಎಷ್ಟು ಖರ್ಚು? ಪಾಯಿಂಟ್ ಎಣಿಸಿ ಲೆಕ್ಕ ಹಾಕುವ ಕ್ರಮ

ಮನೆ ಕಟ್ಟಲು ಹೊರಟವರು ಇಲೆಕ್ಟ್ರಿಷಿಯನ್‌ನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಚದರಡಿಗೆ ಎಷ್ಟಾಗ್ತದೆ?’ ಆತ ಒಂದು ಮೊತ್ತ ಹೇಳುತ್ತಾನೆ, ಮನೆಯವರು ಅದನ್ನು ಚದರಡಿಯಿಂದ ಗುಣಿಸಿ ಬಜೆಟ್‌ನಲ್ಲಿ ಬರೆದಿಡುತ್ತಾರೆ. ಆರು ತಿಂಗಳ ನಂತರ ಬಿಲ್ ನೋಡಿದರೆ ಒಂದೂವರೆ ಪಟ್ಟು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಲೆಕ್ಕದ ದಾರಿಯೇ ತಪ್ಪಿರುತ್ತದೆ, ಅಷ್ಟೇ.

1,000 ಚದರಡಿಯ ಒಂದು ಮನೆಯಲ್ಲಿ 30 ಪಾಯಿಂಟ್ ಇರಬಹುದು, ಅದೇ ಅಳತೆಯ ಪಕ್ಕದ ಮನೆಯಲ್ಲಿ 70 ಇರಬಹುದು. ನೆಲದ ಅಳತೆಗೆ ವಯರ್ ಖರ್ಚಾಗುವುದಿಲ್ಲ. ಲೈಟು, ಫ್ಯಾನು, ಪ್ಲಗ್ಗುಗಳ ಸಂಖ್ಯೆಗೆ ಮತ್ತು ಅವು ಎಷ್ಟು ದೂರದಲ್ಲಿವೆ ಎಂಬುದಕ್ಕೆ ಖರ್ಚಾಗುತ್ತದೆ. ಹಾಗಾಗಿ ಎಸ್ಟಿಮೇಟ್ ಶುರುವಾಗಬೇಕಾದ್ದು ಪಾಯಿಂಟ್ ಪಟ್ಟಿಯಿಂದ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಬೆಳುಗುಪ್ಪದಂಥ ಊರಿನಲ್ಲಿ ಕಟ್ಟುವ ಎರಡು ರೂಮಿನ ಮನೆ. ರಾಯದುರ್ಗ, ಕಲ್ಯಾಣದುರ್ಗದ ಕಡೆಯ ಈ ಗಡಿ ಸೀಮೆಯಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ದೇಶದಲ್ಲೇ ತೀರಾ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಅಲ್ಲಿನ ಒಣ ನೆಲದಲ್ಲಿ ವಯರಿಂಗ್ ಮಾಡಿಸುವವರು ಯಾವುದನ್ನು ಬಿಡಬಾರದೋ, ಮಳೆನಾಡಾದ ಕರಾವಳಿಯವರು ಬಿಡುವುದೂ ಹೆಚ್ಚಾಗಿ ಅದನ್ನೇ. ಆ ವಿಷಯ ಮುಂದೆ ಬರುತ್ತದೆ. ಲೆಕ್ಕದ ಕ್ರಮ ಮಾತ್ರ ಮಂಗಳೂರು, ಉಪ್ಪಿನಂಗಡಿ, ಕಾಸರಗೋಡು, ಎಲ್ಲ ಕಡೆಗೂ ಒಂದೇ.

ಮೊದಲ ಹೆಜ್ಜೆ: ಪಾಯಿಂಟ್ ಪಟ್ಟಿ

ಮನೆಯ ಪ್ಲಾನ್‌ನ ಜೆರಾಕ್ಸ್ ಒಂದನ್ನು ಹಿಡಿದು, ಒಂದೊಂದು ರೂಮಿನಲ್ಲಿ ಏನೇನು ಬೇಕು ಎಂದು ಗುರುತು ಹಾಕಬೇಕು. ಅಡುಗೆಮನೆಯ ಪಟ್ಟಿಯನ್ನು ಅಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಕೇಳಿಯೇ ಬರೆಯಬೇಕು. ಮಿಕ್ಸಿ ಎಲ್ಲಿ, ಫ್ರಿಜ್ ಎಲ್ಲಿ, ಗ್ರೈಂಡರ್ ಎಲ್ಲಿ ಎಂದು ಗಂಡಸರು ಅಂದಾಜಿನಲ್ಲಿ ಬರೆದರೆ ಆಮೇಲೆ ಗೋಡೆ ಒಡೆಯುವುದು ಖಂಡಿತ.

ಉದಾಹರಣೆ ಮನೆಯ ಪಟ್ಟಿ ಹೀಗಿದೆ:

- ಸಿಟೌಟ್: ಲೈಟ್ 2, ಬೆಲ್ 1, ಸಣ್ಣ ಪ್ಲಗ್ (6 ಆಂಪ್) 1
- ಹಾಲ್: ಲೈಟ್ 4, ಫ್ಯಾನ್ 2, ಸಣ್ಣ ಪ್ಲಗ್ 4, ದೊಡ್ಡ ಪ್ಲಗ್ (16 ಆಂಪ್) 1
- ಅಡುಗೆಮನೆ: ಲೈಟ್ 2, ಎಕ್ಸಾಸ್ಟ್ ಫ್ಯಾನ್ 1, ಸಣ್ಣ ಪ್ಲಗ್ 3, ದೊಡ್ಡ ಪ್ಲಗ್ 2
- ಎರಡು ಬೆಡ್‌ರೂಮ್ ಸೇರಿ: ಲೈಟ್ 6, ಫ್ಯಾನ್ 2, ಸಣ್ಣ ಪ್ಲಗ್ 6, ಎಸಿ 1
- ಎರಡು ಬಾತ್‌ರೂಮ್ ಸೇರಿ: ಲೈಟ್ 4, ಎಕ್ಸಾಸ್ಟ್ ಫ್ಯಾನ್ 2, ಗೀಸರ್ 1
- ಹೊರಗೆ: ಲೈಟ್ 3, ವಾಶಿಂಗ್ ಮೆಶಿನ್ 1, ಪಂಪ್ 1

ಒಟ್ಟು ಲೈಟ್ 21, ಫ್ಯಾನ್ ಮತ್ತು ಎಕ್ಸಾಸ್ಟ್ 7, ಬೆಲ್ 1, ಸಣ್ಣ ಪ್ಲಗ್ 14. ಇವು ಸೇರಿ 43 ಸಣ್ಣ ಪಾಯಿಂಟ್. ದೊಡ್ಡ ಪಾಯಿಂಟ್ 7. ಎಲ್ಲ ಸೇರಿ 50.

ಕೂಲಿ ಮಾತಾಡುವ ಮೊದಲು ‘ಪಾಯಿಂಟ್’ ಎಂದರೆ ಏನೆಂದು ಇಬ್ಬರೂ ಒಪ್ಪಿಕೊಂಡಿರಬೇಕು. ಎರಡು ಕಡೆಯಿಂದ ಹಾಕಿ ತೆಗೆಯುವ ಮೆಟ್ಟಿಲಿನ ಲೈಟ್ ಒಂದು ಪಾಯಿಂಟಾ, ಎರಡಾ? ದೊಡ್ಡ ಪ್ಲಗ್ ಒಂದಕ್ಕೆ ಎರಡು ಪಾಯಿಂಟ್ ಹಿಡಿಯುತ್ತಾರಾ? ಡಿಬಿ, ಮೀಟರ್ ಬೋರ್ಡ್, ಅರ್ಥಿಂಗ್ ಕೂಲಿ ಬೇರೆಯಾ? ಗೋಡೆಗೆ ಗ್ರೂವ್ ಹೊಡೆಯುವುದು ಯಾರು, ಮತ್ತೆ ಸಿಮೆಂಟ್ ಮುಚ್ಚುವುದು ಯಾರು? ಜಗಳಗಳೆಲ್ಲ ಇಲ್ಲೇ ಹುಟ್ಟುವುದು. ಕರಾವಳಿಯ ಕೆಂಪುಕಲ್ಲಿನಲ್ಲಿ ಗ್ರೂವ್ ಬೇಗ ಆಗ್ತದೆ. ಗಟ್ಟಿ ಕಲ್ಲಿನ ಗೋಡೆಯಾದರೆ ಅದಕ್ಕೇ ಒಂದೆರಡು ದಿನದ ಕೂಲಿ ಹೆಚ್ಚು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಂಡರೆ ಮುಂದೆ ಮಾತು ಬರುವುದಿಲ್ಲ.

ಎರಡನೇ ಹೆಜ್ಜೆ: ಲೋಡ್ ಮತ್ತು ಸರ್ಕ್ಯೂಟ್

ಒಂದೊಂದು ಉಪಕರಣ ಎಷ್ಟು ವಾಟ್ ಎಂದು ಬರೆದು ಕೂಡಿಸಬೇಕು. ಉದಾಹರಣೆ ಮನೆಗೆ: ಎಸಿ 1,500, ಗೀಸರ್ 2,000, ಇಸ್ತ್ರಿ ಪೆಟ್ಟಿಗೆ 1,000, ಮಿಕ್ಸಿ 750, ಒಂದು ಎಚ್‌ಪಿ ಪಂಪ್ ಸುಮಾರು 750, ವಾಶಿಂಗ್ ಮೆಶಿನ್ 500, ಫ್ರಿಜ್ 200, ನಾಲ್ಕು ಫ್ಯಾನ್ 300, ಎಕ್ಸಾಸ್ಟ್ 100, ಎಲ್‌ಇಡಿ ಲೈಟುಗಳು 200. ಒಟ್ಟು 7,300 ವಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 32 ಆಂಪ್. ಎಲ್ಲವೂ ಒಂದೇ ಹೊತ್ತಿಗೆ ಓಡುವುದಿಲ್ಲ ನಿಜ. ಆದರೂ ಮೇನ್ ವಯರ್, ಮೇನ್ ಸ್ವಿಚ್ ಈ ಲೆಕ್ಕಕ್ಕೆ ತಾಳುವಂತಿರಬೇಕು.

ಈ ಮೊತ್ತ ಹಿಡಿದುಕೊಂಡು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ, ಎಷ್ಟು ಲೋಡ್‌ಗೆ ಅರ್ಜಿ ಹಾಕಬೇಕು, ಸಿಂಗಲ್ ಫೇಸ್ ಸಾಕಾ, ತ್ರೀ ಫೇಸ್ ಬೇಕಾ ಎಂದು ಕೇಳಬೇಕು. ಬೆಳುಗುಪ್ಪದಲ್ಲಿ ಅದು ಎಪಿಎಸ್‌ಪಿಡಿಸಿಎಲ್, ಗಡಿ ದಾಟಿ ಪಾವಗಡ, ಚಳ್ಳಕೆರೆಗೆ ಬಂದರೆ ಬೆಸ್ಕಾಂ, ಬಳ್ಳಾರಿಗೆ ಜೆಸ್ಕಾಂ, ದಕ್ಷಿಣ ಕನ್ನಡ, ಉಡುಪಿಗೆ ಮೆಸ್ಕಾಂ, ಕಾಸರಗೋಡಿಗೆ ಕೆಎಸ್‌ಇಬಿ. ಎರಡು ಮೂರು ಎಸಿ ಹಾಕುವ ಮನೆಗೆ ತ್ರೀ ಫೇಸ್ ಬೇಕಾಗಬಹುದು. ಆಗ ಡಿಬಿ, ಮೇನ್ ವಯರ್ ಎರಡೂ ಬದಲಾಗ್ತವೆ. ಪೈಪ್ ಹಾಕುವ ಮೊದಲೇ ಇದು ತೀರ್ಮಾನ ಆಗಿರಬೇಕು.

ಸರ್ಕ್ಯೂಟ್‌ಗೆ ರೂಢಿಯ ನಿಯಮ ಸರಳ: ಒಂದು ಲೈಟ್ ಸರ್ಕ್ಯೂಟ್‌ನಲ್ಲಿ 10 ಪಾಯಿಂಟ್ ಅಥವಾ 800 ವಾಟ್‌ಗಿಂತ ಹೆಚ್ಚು ಇರಬಾರದು, ಒಂದು ಪವರ್ ಸರ್ಕ್ಯೂಟ್‌ನಲ್ಲಿ ಎರಡು ದೊಡ್ಡ ಪ್ಲಗ್‌ಗಿಂತ ಹೆಚ್ಚು ಬೇಡ. ಎಸಿ, ಗೀಸರ್, ಪಂಪ್‌ಗೆ ತಲಾ ಒಂದೊಂದು. ಹಾಗೆ ನೋಡಿದರೆ 43 ಸಣ್ಣ ಪಾಯಿಂಟ್‌ಗೆ 5 ಸರ್ಕ್ಯೂಟ್. ಎಸಿ, ಗೀಸರ್, ಪಂಪ್‌ಗೆ ಮೂರು, ಅಡುಗೆಮನೆಗೆ ಒಂದು, ಹಾಲ್ ಮತ್ತು ವಾಶಿಂಗ್ ಮೆಶಿನ್‌ಗೆ ಒಂದು, ಹೀಗೆ ಪವರ್‌ಗೆ 5. ಒಟ್ಟು 10 ಎಂಸಿಬಿ. ಮೇನ್ ಐಸೊಲೇಟರ್‌ಗೆ 2 ಜಾಗ, ಆರ್‌ಸಿಸಿಬಿಗೆ 2 ಜಾಗ ಸೇರಿಸಿದರೆ 14. ಡಿಬಿ ಬಾಕ್ಸ್ 16 ಜಾಗದ್ದು ತೆಗೆದುಕೊಂಡರೆ ನಾಳೆಗೆ ಎರಡು ಜಾಗ ಉಳಿಯುತ್ತದೆ.

ಇನ್ವರ್ಟರ್ ಇಡುವ ಯೋಚನೆ ಇದ್ದರೆ ಅದಕ್ಕೆ ಸೇರುವ ಲೈಟ್, ಫ್ಯಾನ್‌ಗಳ ಸರ್ಕ್ಯೂಟ್ ಮತ್ತು ಅದರ ನ್ಯೂಟ್ರಲ್ ಈಗಲೇ ಬೇರೆಯಾಗಿರಬೇಕು. ಸೋಲಾರ್‌ಗೂ ಹಾಗೇ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಬ್ಸಿಡಿ ಇಡಲಾಗಿದೆ. ಈಗ ಹಾಕದಿದ್ದರೂ ಟೆರೇಸಿನಿಂದ ಡಿಬಿ ತನಕ ಒಂದು ಖಾಲಿ ಪೈಪ್ ಬಿಟ್ಟರೆ ಖರ್ಚು ಕೆಲವೇ ನೂರು ರೂಪಾಯಿ.

ಮೂರನೇ ಹೆಜ್ಜೆ: ವಯರ್ ಎಷ್ಟು ಮೀಟರ್?

ಅಂಗಡಿಯಲ್ಲಿ ವಯರ್ ಸಾಮಾನ್ಯವಾಗಿ 90 ಮೀಟರ್‌ನ ಕಾಯಿಲ್ ಆಗಿ ಬರುತ್ತದೆ, ಒಂದು ಕಾಯಿಲ್‌ಗೆ ಒಂದೇ ಬಣ್ಣ. ಕೆಂಪು, ಹಳದಿ ಅಥವಾ ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥ್‌ಗೆ. ಲೈಟ್, ಫ್ಯಾನ್‌ಗೆ 1.5 ಎಂಎಂ, ದೊಡ್ಡ ಪ್ಲಗ್‌ಗೆ 2.5, ಎಸಿ ಮತ್ತು ಗೀಸರ್‌ಗೆ 4, ಮೀಟರ್‌ನಿಂದ ಡಿಬಿಗೆ ಈ ಲೋಡ್‌ನಲ್ಲಿ 10. ಅಂಗಡಿಯ ಮಾತಿನಲ್ಲಿ ‘ಎಂಎಂ’ ಎಂದರೂ ಅದು ಚದರ ಮಿಲಿಮೀಟರ್.

1.5ರ ಲೆಕ್ಕ ಹೀಗೆ: 29 ಲೈಟ್, ಫ್ಯಾನ್, ಬೆಲ್ ಪಾಯಿಂಟ್‌ಗೆ ಸ್ವಿಚ್ ಬೋರ್ಡ್‌ನಿಂದ ಸರಾಸರಿ 7 ಮೀಟರ್, ಅಂದರೆ 203. ಡಿಬಿಯಿಂದ ಬೋರ್ಡ್‌ಗಳಿಗೆ 5 ಸರ್ಕ್ಯೂಟ್, ತಲಾ 15 ಮೀಟರ್, ಅಂದರೆ 75. ಬೋರ್ಡ್‌ನಲ್ಲಿಲ್ಲದೆ ದೂರ ಇರುವ 6 ಸಣ್ಣ ಪ್ಲಗ್‌ಗೆ ತಲಾ 5 ಮೀಟರ್, ಅಂದರೆ 30. ಒಟ್ಟು 308. ತುಂಡು ಹೋಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 339 ಮೀಟರ್, ಅಂದರೆ 4 ಕಾಯಿಲ್. ಫೇಸ್, ನ್ಯೂಟ್ರಲ್, ಅರ್ಥ್ ಮೂರಕ್ಕೂ ಇಷ್ಟೇ ಬೇಕು. ಹಾಗಾಗಿ 12 ಕಾಯಿಲ್.

2.5ರಲ್ಲಿ ಮೂರು ಸರ್ಕ್ಯೂಟ್, ತಲಾ 20 ಮೀಟರ್. ಬಣ್ಣಕ್ಕೊಂದರಂತೆ 3 ಕಾಯಿಲ್. 4 ಎಂಎಂ ಸುಮಾರು 80 ಮೀಟರ್, 10 ಎಂಎಂ 45 ಮೀಟರ್. ಇವೆರಡನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿಗಳಿವೆ. ಅಷ್ಟಕ್ಕಾಗಿ ಇಡೀ ಕಾಯಿಲ್ ತೆಗೆದುಕೊಳ್ಳಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ದರ ಹಾಕುವುದು

ತಾಮ್ರದ ರೇಟ್ ಏರಿಳಿದಂತೆ ವಯರ್ ರೇಟೂ ಏರಿಳಿಯುತ್ತದೆ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು ಮಾತ್ರ. ಇವತ್ತಿನ ಅಂಗಡಿ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

- 1.5 ಎಂಎಂ, 12 ಕಾಯಿಲ್ × 2,400 = 28,800
- 2.5 ಎಂಎಂ, 3 ಕಾಯಿಲ್ × 3,800 = 11,400
- 4 ಎಂಎಂ, 80 ಮೀಟರ್ × 65 = 5,200
- 10 ಎಂಎಂ, 45 ಮೀಟರ್ × 150 = 6,750
- ಪೈಪ್ 100 × 80 = 8,000. ಫ್ಯಾನ್ ಬಾಕ್ಸ್, ಜಂಕ್ಷನ್ ಬಾಕ್ಸ್, ಮೆಟಲ್ ಬಾಕ್ಸ್, ಬೆಂಡ್, ಗಮ್ ಸೇರಿ 8,000. ಒಟ್ಟು 16,000
- ಸ್ವಿಚ್, ಪ್ಲಗ್, ರೆಗ್ಯುಲೇಟರ್, ಪ್ಲೇಟ್ (ಮಧ್ಯಮ ದರದ ಮಾಡ್ಯುಲರ್) = 12,700
- ಡಿಬಿ ಬಾಕ್ಸ್ 2,000, ಐಸೊಲೇಟರ್ 600, ಆರ್‌ಸಿಸಿಬಿ 2,200, ಎಂಸಿಬಿ 10 × 200 = 2,000. ಒಟ್ಟು 6,800
- ಅರ್ಥಿಂಗ್ ಗುಂಡಿ ಒಂದು = 5,000
- ಕೂಲಿ: 50 ಪಾಯಿಂಟ್ × 500 = 25,000. ಡಿಬಿ, ಮೇನ್, ಅರ್ಥಿಂಗ್ ಕೂಲಿ 5,000. ಒಟ್ಟು 30,000

ಎಲ್ಲ ಕೂಡಿದರೆ 1,22,650 ರೂಪಾಯಿ. ಕೈಮೀರುವುದಕ್ಕೆ ನೂರಕ್ಕೆ ಹತ್ತು ಇಟ್ಟರೆ ಸುಮಾರು 1,35,000. ಲೈಟು, ಫ್ಯಾನು, ಇನ್ವರ್ಟರ್, ವಿದ್ಯುತ್ ಕಂಪನಿಗೆ ಕಟ್ಟುವ ಡೆಪಾಸಿಟ್ ಇದರಲ್ಲಿ ಸೇರಿಲ್ಲ. ವಯರ್ ಒಂದೇ 52,150, ಅಂದರೆ ನೂರಕ್ಕೆ 42 ಪಾಲು. ತಾಮ್ರ ನೂರಕ್ಕೆ ಹತ್ತು ಏರಿದರೆ ವಯರ್ ಖರ್ಚು ಐದು ಸಾವಿರದ ತನಕ ಏರಬಹುದು ಎಂದು ಮೊದಲೇ ತಿಳಿದಿರಬೇಕು.

ಎಲ್ಲಿ ಕಡಿಮೆ ಮಾಡಬಾರದು

ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಮೂರಕ್ಕೆ: ಹಸಿರು ವಯರ್, ಅರ್ಥಿಂಗ್ ಗುಂಡಿ, ಆರ್‌ಸಿಸಿಬಿ. ‘ಅದು ಇಲ್ಲದಿದ್ದರೂ ಲೈಟ್ ಉರಿಯುತ್ತದಲ್ಲ’ ಎಂಬ ಮಾತೂ ಇದೆ. ಉರಿಯುತ್ತದೆ ನಿಜ. ಗೀಸರ್ ಅಥವಾ ವಾಶಿಂಗ್ ಮೆಶಿನ್ ಒಳಗೆ ವಯರ್ ಸುಟ್ಟು ಬಾಡಿಗೆ ತಾಗಿದ ದಿನ ವ್ಯತ್ಯಾಸ ಗೊತ್ತಾಗುವುದು.

ಎಂಸಿಬಿ ಇದೆಯಲ್ಲ, ಅದು ಬೀಳುತ್ತದೆ ಎಂದು ಅನೇಕರ ನಂಬಿಕೆ. ಎಂಸಿಬಿ ಇರುವುದು ವಯರ್ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. 16 ಆಂಪ್‌ನ ಎಂಸಿಬಿ ಬೀಳಬೇಕಾದರೆ 16 ಆಂಪ್‌ಗಿಂತ ಹೆಚ್ಚು ಹರಿಯಬೇಕು. ಮನುಷ್ಯನ ಪ್ರಾಣ ಹೋಗಲು ಒಂದು ಆಂಪ್‌ನ ಹತ್ತನೇ ಒಂದು ಭಾಗವೂ ಸಾಕು.

ಇಲ್ಲಿ ಬೆಳುಗುಪ್ಪದ ಒಣ ನೆಲದ ಪಾಠ ಇದೆ. ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಅರ್ಥಿಂಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಲ್ಲು ನೆಲ, ಬೇಸಿಗೆ, ನೀರಿಲ್ಲದ ಗುಂಡಿ ಇದ್ದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಅದು 50 ಓಮ್ ಆಯಿತು ಎಂದಿಟ್ಟುಕೊಳ್ಳಿ. 230 ವೋಲ್ಟ್ ಅನ್ನು 50ರಿಂದ ಭಾಗಿಸಿದರೆ ಭೂಮಿಗೆ ಹರಿಯುವುದು 4.6 ಆಂಪ್. 16 ಆಂಪ್‌ನ ಎಂಸಿಬಿ ಅಲ್ಲಾಡುವುದಿಲ್ಲ, ಗೀಸರ್ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ನಲ್ಲಿಗೆ ಕೈ ಹಾಕಿದವರಿಗೆ ಶಾಕ್. ಆರ್‌ಸಿಸಿಬಿ ಹಾಗಲ್ಲ. ಹೋದ ಕರೆಂಟ್ ಮತ್ತು ವಾಪಸ್ ಬಂದ ಕರೆಂಟ್ ಎರಡನ್ನೂ ಅದು ತೂಗಿ ನೋಡುತ್ತದೆ. 30 ಮಿಲಿ ಆಂಪ್ ವ್ಯತ್ಯಾಸ ಬಂದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಮನೆಗೆ ತೆಗೆದುಕೊಳ್ಳುವಾಗ ಅದರ ಮೇಲೆ 30 ಎಂಎ ಎಂದೇ ಇರಬೇಕು. 100 ಅಥವಾ 300 ಎಂಎ ಇರುವುದು ಮನುಷ್ಯರ ರಕ್ಷಣೆಗೆ ಅಲ್ಲ.

ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನೆಲ ಒದ್ದೆ ಇರುವುದರಿಂದ ಈ ಮಾತು ತಮಗೆ ಸಂಬಂಧವಿಲ್ಲ ಎನಿಸಬಹುದು. ಮಾರ್ಚ್‌ನಿಂದ ಮೇ ತನಕ ಗುಡ್ಡದ ಮೇಲಿನ ಕೆಂಪುಕಲ್ಲಿನ ನೆಲವೂ ಒಣಗಿಯೇ ಇರುತ್ತದೆ. ಇನ್ನು ಮಳೆಗಾಲದಲ್ಲಿ ಒದ್ದೆ ಗೋಡೆ, ಒದ್ದೆ ಕಾಲು.

ಉದಾಹರಣೆ ಮನೆಯಲ್ಲಿ ಗುಂಡಿ ಮತ್ತು ಆರ್‌ಸಿಸಿಬಿ ಸೇರಿ 7,200 ರೂಪಾಯಿ. 1.5 ಮತ್ತು 2.5ರ ಹಸಿರು ವಯರ್ 13,400. ಒಟ್ಟು 20,600, ಅಂದರೆ ಇಡೀ ಖರ್ಚಿನ ಆರನೇ ಒಂದು ಪಾಲು. ಜೀವ ಕಾಯುವ ಪಾಲು ಇಷ್ಟೇ. ಸ್ವಿಚ್ ಅನ್ನು ಗಾಜಿನ ಪ್ಲೇಟಿನ ದುಬಾರಿ ಮಾದರಿಗೆ ಬದಲಿಸಿದರೆ ಅದೇ 12,700 ಸುಲಭದಲ್ಲಿ ಇಮ್ಮಡಿಯಾಗುತ್ತದೆ. ಹಣ ಕಡಿಮೆ ಇದ್ದರೆ ಸ್ವಿಚ್ ಸಾದಾ ಇರಲಿ, ಫಾಲ್ಸ್ ಸೀಲಿಂಗ್ ಲೈಟ್ ನಾಲ್ಕು ಕಡಿಮೆ ಇರಲಿ. ಸ್ವಿಚ್ಚನ್ನು ಐದು ವರ್ಷದ ನಂತರ ಬದಲಿಸಬಹುದು. ಗೋಡೆಯೊಳಗಿನ ವಯರ್ ಬದಲಿಸುವುದು ಕಷ್ಟ.

ಗುಂಡಿಯ ವಿಷಯದಲ್ಲಿ: ಜಿಐ ಪೈಪ್ ಕನಿಷ್ಠ ಎರಡೂವರೆ ಮೀಟರ್ ಇರಲಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಮೇಲೆ ನೀರು ಹೊಯ್ಯಲು ಬಾಯಿ ಬಿಟ್ಟಿರಲಿ. ಒಣ ಸೀಮೆಯಲ್ಲಿ ಬೇಸಿಗೆಯಲ್ಲಿ ಆಗಾಗ ಒಂದು ಬಕೆಟ್ ನೀರು ಹಾಕಬೇಕು. ಬಾತ್‌ರೂಮ್ ಅಥವಾ ಬಟ್ಟೆ ಒಗೆಯುವ ಕಡೆಯ ನೀರು ಇಂಗುವ ಜಾಗದ ಹತ್ತಿರ ಗುಂಡಿ ತೆಗೆದರೆ ಆ ಕೆಲಸವೂ ಕಡಿಮೆ. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರ್ ಇಟ್ಟು ಅಳೆದು ತೋರಿಸಲು ಹೇಳಬೇಕು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ತೆಗೆದು ನೇರ ಜೋಡಿಸುವವರಿದ್ದಾರೆ. ಬೀಳುತ್ತದೆ ಎಂದರೆ ಎಲ್ಲೋ ಲೀಕ್ ಇದೆ, ಅಥವಾ ಇನ್ವರ್ಟರ್ ನ್ಯೂಟ್ರಲ್ ಮತ್ತು ಮೇನ್ ನ್ಯೂಟ್ರಲ್ ಒಂದಾಗಿವೆ. ತಪ್ಪು ಹುಡುಕಿ ಸರಿ ಮಾಡಿಸಬೇಕು. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಖರೀದಿ ಮತ್ತು ಬಿಲ್

ವಯರ್, ಸ್ವಿಚ್, ಪಿವಿಸಿ ಪೈಪ್‌ಗೆ ಜಿಎಸ್‌ಟಿ 18 ಶೇಕಡಾ, ದೇಶದ ಎಲ್ಲ ಕಡೆ ಒಂದೇ. ಅನಂತಪುರದಲ್ಲಿ ತೆಗೆದುಕೊಂಡರೂ ಬಳ್ಳಾರಿಯಲ್ಲಿ ತೆಗೆದುಕೊಂಡರೂ ತೆರಿಗೆಯಲ್ಲಿ ಲಾಭವಿಲ್ಲ. ಅಂಗಡಿಯವರ ಡಿಸ್ಕೌಂಟ್‌ನಲ್ಲಿ ಮಾತ್ರ ವ್ಯತ್ಯಾಸ. ‘40 ಪರ್ಸೆಂಟ್ ಡಿಸ್ಕೌಂಟ್’ ಎಂಬುದು ಲಿಸ್ಟ್ ಪ್ರೈಸ್ ಮೇಲೆ. ಜಿಎಸ್‌ಟಿ ಸೇರಿಸಿ ಒಂದು ಕಾಯಿಲ್ ಕೈಗೆ ಎಷ್ಟಕ್ಕೆ ಬಿತ್ತು ಎಂದೇ ಮೂರು ಅಂಗಡಿಯಲ್ಲಿ ಕೇಳಿ ಹೋಲಿಸಬೇಕು. ತೆರೆಯದ ಕಾಯಿಲ್ ವಾಪಸ್ ತೆಗೆದುಕೊಳ್ಳುತ್ತಾರಾ ಎಂದೂ ಕೇಳಿಡಬೇಕು.

ವಯರ್ ಮೇಲೆ ಐಎಸ್‌ಐ ಗುರುತು, ಐಎಸ್ 694 ಮತ್ತು ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾರದ್ದು, ಚಾಲ್ತಿಯಲ್ಲಿದೆಯಾ ಎಂದು ತೋರಿಸುತ್ತದೆ. ಬಿಲ್ ಇಲ್ಲದೆ ಸಾವಿರ ರೂಪಾಯಿ ಉಳಿಸಿದವನಿಗೆ ಮಾಲು ಕೆಟ್ಟರೆ ಕೇಳುವ ಹಕ್ಕೂ ಉಳಿಯುವುದಿಲ್ಲ.

ಯಾರು ಕೆಲಸ ಮಾಡಬೇಕು, ಹಣ ಯಾವಾಗ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ (2010ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ) ಹೊಸ ವಯರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಮೂಲಕವೇ ಮಾಡಿಸಬೇಕು. ಲೈಸೆನ್ಸ್ ಕೊಡುವುದು ಆಯಾ ರಾಜ್ಯ ಸರಕಾರ. ಗಡಿಯ ಊರುಗಳಲ್ಲಿ ಆಚೆ ರಾಜ್ಯದಿಂದ ಕೆಲಸಗಾರರನ್ನು ಕರೆಸುವವರು, ಇಲ್ಲಿಯ ಕಚೇರಿಗೆ ಕಾಗದ ಕೊಡುವವರು ಯಾರು ಎಂದು ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಮನೆ ಒಕ್ಕಲಿನ ವಾರದಲ್ಲಿ ಮೀಟರ್‌ಗೆ ಅಲೆದಾಟ.

ಹಣವನ್ನು ನಾಲ್ಕು ಹಂತದಲ್ಲಿ ಕೊಡುವುದು ಒಳ್ಳೆಯದು: ಸ್ಲ್ಯಾಬ್‌ನಲ್ಲಿ ಪೈಪ್ ಮತ್ತು ಫ್ಯಾನ್ ಬಾಕ್ಸ್ ಹಾಕಿದಾಗ, ಗೋಡೆಯಲ್ಲಿ ಗ್ರೂವ್ ಮತ್ತು ಬಾಕ್ಸ್ ಆದಾಗ, ಗಾರೆ ಮುಗಿದು ವಯರ್ ಎಳೆದಾಗ, ಪೈಂಟ್ ಆಗಿ ಸ್ವಿಚ್ ಹಾಕಿ ಟೆಸ್ಟ್ ಮಾಡಿದಾಗ. ಕೊನೆಯ ಕಂತು ಸಣ್ಣದಾಗಿರಬಾರದು.

ಗಲ್ಫ್‌ನಲ್ಲಿದ್ದುಕೊಂಡು ಊರಲ್ಲಿ ಮನೆ ಕಟ್ಟಿಸುವವರು ಎರಡು ವಿಡಿಯೋ ತಪ್ಪದೆ ತರಿಸಿಕೊಳ್ಳಬೇಕು. ಕಾಂಕ್ರೀಟ್ ಹಾಕುವ ಮೊದಲು ಸ್ಲ್ಯಾಬ್‌ನ ಪೈಪ್‌ಗಳದ್ದು ಒಂದು, ಗಾರೆಗೆ ಮೊದಲು ಪ್ರತಿ ಗೋಡೆಯದ್ದು ಇನ್ನೊಂದು, ಟೇಪ್ ಇಟ್ಟು ಅಳತೆ ಕಾಣುವಂತೆ. ನಾಳೆ ಡ್ರಿಲ್ ಹಾಕುವಾಗ, ಎಸಿ ಸೇರಿಸುವಾಗ ಅದೇ ನಕ್ಷೆ. ವಯರ್ ಎಳೆದ ದಿನ ಒಂದು ಸ್ವಿಚ್ ಬಾಕ್ಸ್ ಬಿಚ್ಚಿ ಹಸಿರು ವಯರ್ ತೋರಿಸಲು ಹೇಳಿದರೆ ಸಾಕು, ಉಳಿದ ಕಡೆಯೂ ಕೆಲಸ ಜಾಗ್ರತೆಯಿಂದ ಆಗುತ್ತದೆ.

ಊರಿನಲ್ಲಿ ಕಾಮರ್ಸ್, ಐಟಿಐ ಓದುವ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ಕೆಲಸ. ಮನೆಗೆ ಹೊಸತಾಗಿ ಪಾಯ ಹಾಕಿದಾಗ ಪ್ಲಾನ್ ಹಿಡಿದು ಪಾಯಿಂಟ್ ಎಣಿಸಿ, ಒಂದು ಎಕ್ಸೆಲ್ ಶೀಟ್‌ನಲ್ಲಿ ಮೇಲಿನಂತೆ ಸಾಲು ಹಾಕಿ, ಮೂರು ಅಂಗಡಿಯ ದರ ತುಂಬಿಸಿ ಕೊಡುವುದು. ಆ ಶೀಟ್‌ನಲ್ಲಿ ಹಸಿರು ವಯರ್, ಅರ್ಥಿಂಗ್ ಗುಂಡಿ, 30 ಎಂಎ ಆರ್‌ಸಿಸಿಬಿ ಈ ಮೂರು ಸಾಲನ್ನು ಮೊದಲು ಬರೆಯಬೇಕು. ಕತ್ತರಿ ಹಾಕುವುದಿದ್ದರೆ ಅದರ ಕೆಳಗಿನ ಸಾಲಿನಿಂದ ಶುರು ಮಾಡಲಿ.